ಬಿಸಿಲಲ್ಲಿ ನಿಂತ ಟಾರ್ಚು

"ಇದು ಟಾರ್ಚಾ, ಒನಕೆಯಾ?" ಹೇಮರಾಜ ಮಾಸ್ಟ್ರು ಎರಡೂ ಕೈಯಲ್ಲಿ ಎತ್ತಿ ನೋಡಿ, ಸುರಂಗದ ಬಾಯಲ್ಲಿದ್ದ ಮುರಕಲ್ಲಿನ ಮೇಲೆ ದೊಪ್ಪನೆ ಇಟ್ಟರು.

ಶೋಧನ್ ಹಲ್ಲು ಕಚ್ಚಿದ. ಗುಜರಿಗೆ ಬಿದ್ದಿದ್ದ ಸ್ಕೂಟರ್ ಇಂಜಿನ್ನಿನ ರೆಕ್ಕೆ ರೆಕ್ಕೆಯ ಅಲ್ಯೂಮಿನಿಯಂ ತಲೆ, ಅದರ ಹೊಟ್ಟೆಗೆ ಕೂರಿಸಿದ ಎಲ್‌ಇಡಿ, ಹಿಂದೆ ಆರು ಸೆಲ್ಲು. ಮೆಲ್ಕಾರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾಲ್ಕು ತಿಂಗಳು ಕೂತು, ಮೂರು ಸಲ ಸುಟ್ಟು, ನಾಲ್ಕನೆಯ ಸಲ ಅವನೇ ಮಾಡಿ ಮುಗಿಸಿದ್ದು. ತೂಕ ಎರಡು ಕಿಲೋ.

"ಬೆಳಕು ಹೆಚ್ಚಾದರೆ ಬಿಸಿಯೂ ಹೆಚ್ಚಾಗ್ತದೆ ಸರ್. ಬಿಸಿ ಹೊರಗೆ ಹೋಗ್ಲಿಕ್ಕೆ ಮೈ ಬೇಕು, ಮೈಗೆ ತೂಕ ಉಂಟು. ಎಲ್ಲಾ ಒಟ್ಟಿಗೆ ಸಿಗುವುದಿಲ್ಲ."

"ಒಂಬತ್ತಕ್ಕೇ ಶಾಲೆ ಬಿಟ್ಟವ ನನಗೆ ವಿಜ್ಞಾನ ಹೇಳ್ತಾನೆ!" ಮಾಸ್ಟ್ರು ನಕ್ಕರು. ಅದೇ ನಗು. ಒಂಬತ್ತನೇ ಕ್ಲಾಸಿನಲ್ಲಿ ಇವರೇ, "ನಿನ್ನ ತಲೆಗೆ ಬೆಳಕು ಹೋಗುವುದಿಲ್ಲ, ಬಿಸಿಲಲ್ಲಿ ನಿಲ್ಲು, ಹೋಗ್ತದಾ ನೋಡುವ" ಎಂದು ಅಂಗಳಕ್ಕೆ ಅಟ್ಟಿದ್ದರು. ನಿಂತಲ್ಲಿಂದ ಶೋಧನ್ ಸೀದಾ ಮನೆಗೆ ನಡೆದಿದ್ದ. ಮತ್ತೆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಮಾಸ್ಟ್ರ ಸುರಂಗದೊಳಗೆ ಮಣ್ಣು ಕುಸಿದು, ಮನೆಗೆ ನೀರು ಬಾರದೆ ವಾರವಾಗಿತ್ತು. ಅದನ್ನು ತೆಗೆಯಲು ಒಳಗೆ ಹೋಗುವವನು ಶೋಧನನ ಸೋದರಮಾವ ಮುಂಡಪ್ಪ. ಅಗೆಯುವಷ್ಟು ಹೊತ್ತೂ ತಲೆಯ ಮೇಲಿನ ಬಿರುಕು ಕಾಣುತ್ತಿರಬೇಕು. ಕಾಣದಿದ್ದರೆ ಮುಂದಿನ ಕುಸಿತ ಅವನ ಮೇಲೆಯೇ.

ಮಾಸ್ಟ್ರ ಮಗ, ಇಂಜಿನಿಯರಿಂಗ್ ಓದುವ ಅಂಕಿತ್, ಆನ್‌ಲೈನಿನಲ್ಲಿ ತರಿಸಿದ ಅಂಗೈಯಗಲದ ಟಾರ್ಚು ಒತ್ತಿದ. ಸುರಂಗ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. "ಹತ್ತು ಸಾವಿರ ಲ್ಯುಮೆನ್ ಬೆಳಕು!" ಮುಂಡಪ್ಪ ಅಳಿಯನ ಮುಖ ನೋಡದೆ ಅದನ್ನೇ ತೆಗೆದುಕೊಂಡ. ಒಳಗೆ ಗಾಳಿ ಉಂಟೋ ಇಲ್ಲವೋ ತಿಳಿಯಲು ಇನ್ನೊಂದು ಕೈಯಲ್ಲಿ ಮೇಣದಬತ್ತಿ ಹಿಡಿದು, ಬಗ್ಗಿ ಒಳಗೆ ಹೋದ.

ಐದು ನಿಮಿಷ ಆಗಿರಲಿಲ್ಲ, ಒಳಗೆಲ್ಲ ಮಬ್ಬು. "ಏ, ಕರೆಂಟ್ ತೆಗೆದದ್ದು ಯಾರು ಮಾರಾಯ?" ಎಂಬ ಕೂಗು. ಹಿಂದೆಯೇ ಮುಂಡಪ್ಪ ಟಾರ್ಚನ್ನು ಹೆಗಲ ಬೈರಾಸಿನಲ್ಲಿ ಸುತ್ತಿಕೊಂಡು ಹೊರಬಂದ. "ಕೆಂಡ ಇದು! ಮುಟ್ಟಿ ನೋಡಿ."

"ಹಾಳಾಯಿತಾ?" ಮಾಸ್ಟ್ರು ಮಗನನ್ನು ಕೇಳಿದರು. ಅಂಕಿತ್ ಅದರ ಗುಂಡಿಯನ್ನು ಒತ್ತಿ ಒತ್ತಿ ನೋಡಿದ.

"ಹಾಳಾಗಲಿಲ್ಲ," ಶೋಧನ್ ಹೇಳಿದ. "ಮೈ ಸಣ್ಣದು, ಬಿಸಿ ತಡೆಯುವುದಿಲ್ಲ. ಸುಟ್ಟುಹೋಗಬಾರದು ಅಂತ ಅದೇ ಬೆಳಕು ಇಳಿಸಿಕೊಳ್ತದೆ."

ಮುಂಡಪ್ಪ ಕೈ ಚಾಚಿದ. "ಕೊಡು ಮಾರಾಯ, ನಿನ್ನ ಒನಕೆ."

"ಹಿಡಿದುಕೊಳ್ಳಬೇಡಿ ಮಾವ, ನೀರಲ್ಲೇ ನಿಲ್ಲಿಸಿ! ಟಾರ್ಚಿನ ಒಳಗೆ ನೀರು ಹೋಗುವುದಿಲ್ಲ!" ಶೋಧನ್ ಹಿಂದಿನಿಂದ ಕೂಗಿದ.

ಪಾದ ಮುಳುಗುವ ತಣ್ಣೀರಲ್ಲಿ ಆ ಎರಡು ಕಿಲೋ ಕಂಬದಂತೆ ನಿಂತಿತು. ಮುಂಡಪ್ಪನ ಎರಡೂ ಕೈ ಹಾರೆಗೆ ಸಿಕ್ಕಿತು. ಅರ್ಧ ಗಂಟೆ. ಒಂದು ಗಂಟೆ. ಹೊರಗೆ ನಿಂತ ಶೋಧನ್ ರೆಪ್ಪೆ ಹೊಡೆಯದೆ ಸುರಂಗದ ಬಾಯನ್ನೇ ನೋಡುತ್ತಿದ್ದ. ಬೆಳಕು ಒಂದು ಚೂರೂ ಇಳಿಯಲಿಲ್ಲ.

"ಬಿರುಕು ಕಂಡಿತು! ಬಲಗಡೆ ಉಂಟು, ನಾನು ಎಡಕ್ಕೆ ಅಗೀತೇನೆ!" ಒಳಗಿನ ದನಿ.

ಹಿಂದೆಯೇ ಬಲಗಡೆ ಬುಟ್ಟಿ ಬುಟ್ಟಿ ಮಣ್ಣು ಧೊಪ್ಪೆಂದು ಬಿದ್ದ ಸದ್ದು. ಮೂವರೂ ಸುರಂಗದ ಬಾಯಿಗೆ ಓಡಿದರು. ಆಮೇಲೆ ಮುಂಡಪ್ಪನ ನಗು ಕೇಳಿಸಿತು, ಅದರ ಬೆನ್ನಿಗೆ ನೀರಿನ ಸದ್ದು. ಮೊದಲು ಕೆಂಪು, ಆಮೇಲೆ ತಿಳಿ.

ಮುಂಡಪ್ಪ ಮಣ್ಣಿನ ಮುದ್ದೆಯಾಗಿ ಬಂದ. "ಹೆಗಲು ಹೋಯಿತು ನಿನ್ನ ಒನಕೆ ಹೊತ್ತು," ಎಂದು ಬೈದು, ಅದನ್ನು ಅಳಿಯನ ಕೈಗಿತ್ತು ತಲೆ ಸವರಿದ.

ಶೋಧನ್ ಉರಿಯುತ್ತಲೇ ಇದ್ದ ಟಾರ್ಚನ್ನು ಅದೇ ಮುರಕಲ್ಲಿನ ಮೇಲೆ ಮಾಸ್ಟ್ರ ಕಡೆಗೆ ಮುಖ ಮಾಡಿ ನಿಲ್ಲಿಸಿದ.

"ಆರಿಸು ಮಾರಾಯ. ಬಿಸಿಲಲ್ಲಿ ಬೆಳಕು ಯಾಕೆ?" ಮಾಸ್ಟ್ರು ಗೊಣಗಿದರು.

"ಬಿಸಿಲಲ್ಲಿ ನಿಲ್ಲಿಸಿದ್ದು ನೀವೇ ಅಲ್ವಾ ಸರ್?"

ಮಾಸ್ಟ್ರು ಕಣ್ಣಿಗೆ ಕೈ ಅಡ್ಡ ಹಿಡಿದರು. ಸೂರ್ಯ ಅವರ ಬೆನ್ನ ಹಿಂದೆ ಇದ್ದ.