ಹಾಡಿನ ಕಾಲಂ

ಅಂದು ಬೆಳಿಗ್ಗೆ ತೆಳುಮೋಡವಿತ್ತು, ಗಾಳಿ ಇರಲಿಲ್ಲ. ನೀಲಗಂಗವ್ವ ಕೈಮುಗಿದು ಊರಿನ ಡೇಟಾಬೇಸಿನ ಮುಂದೆ ಕುಳಿತಳು. ಅದರಲ್ಲಿ ಬರೆದಂತೆಯೇ ಊರಿನ ಜನರೂ ಇರುತ್ತಿದ್ದರು. ಹಿಂದಿನ ದಿನ ಅವಳು ‘ದನಿ’ ಎಂಬ ಒಂದೇ ಕಾಲಂ ಅನ್ನು ‘ಮಾತು’, ‘ಹಾಡು’ ಎಂದು ಎರಡು ಮಾಡಿದ್ದಳು. ಎಲ್ಲರೂ ಸರಿಯೆಂದ ಮೇಲೆಯೇ ಹಳೆಯದನ್ನು ಅಳಿಸುವುದು ಅವಳ ನೇಮ. ಅಳಿಸಿದ್ದು ಮತ್ತೆ ಬಾರದು. ಕೇಳಲು ಇಬ್ಬರೇ ಉಳಿದಿದ್ದರು; ಎಮ್ಮೆ ಸಾಕಿದ ಫಕೀರಪ್ಪನನ್ನು ಮೊದಲು ಕೇಳಿದಳು.

“ಹಾಡಿ ನೋಡಿದೇನೋ ಫಕೀರಪ್ಪ?”

“ನೋಡೀನಿ. ಸರಿ ಐತವ್ವ.”

“ನೀ ಹಾಡಿದ್ರ ಎಮ್ಮಿ ಹಾಲು ಬಿಡಂಗಿಲ್ಲ ಅಂತಿದ್ರು.”

“ಇವತ್ತ ಒಂದ್ ಸೇರು ಹೆಚ್ಚಿಗಿ ಕೊಟ್ಟೈತಿ.”

ಪಕ್ಕದಲ್ಲಿ ಭಜನೆಯ ಚೆನ್ನವ್ವ ಕುಳಿತಿದ್ದಳು. ಅಂದು ಸೋಮವಾರ, ಅವಳಿಗೆ ಮೌನವ್ರತ. ಹಾಡಿ ನೋಡದೆಯೇ, ಸರಿಯೆಂದು ನಗುತ್ತ ತಲೆಯಾಡಿಸಿದಳು.

ನೀಲಗಂಗವ್ವನ ಬೆರಳು ಅಳಿಸುವ ಗುಂಡಿಯ ಮೇಲೆ ಬಂತು. ಫಕೀರಪ್ಪ ಚೆನ್ನವ್ವನ ಮುಖ ನೋಡಿದ, ನೆಲ ನೋಡಿದ.

“ತಡಿಯವ್ವ. ನನ್ನ ಕೊರಳಾಗ ಕುಂತಿದ್ದು ಚೆನ್ನವ್ವನ ಹಾಡು.”

ನೀಲಗಂಗವ್ವ ಹಳೆಯ ಕಾಲಂ ತೆರೆದು ನೋಡಿದಳು. ನಕಲು ಮಾಡುವಾಗ ಇಬ್ಬರ ಹಾಡೂ ಅದಲುಬದಲಾಗಿತ್ತು.

“ಸುಮ್ಮನಿದ್ದಿದ್ರ ನಿಂದೇ ಆಗ್ತಿತ್ತಲ್ಲೋ, ಹುಚ್ಚಪ್ಪ.”

“ಆಗ್ತಿತ್ತು. ಒಂದ್ ನುಡಿ ಹಾಡಿ, ಆಮ್ಯಾಗ ವಾಪಸ್ ಕೊಡ್ಲೇನು?”

ಚೆನ್ನವ್ವ ಕಣ್ಣಿನಲ್ಲೇ ಹೂಂ ಎಂದಳು. ಫಕೀರಪ್ಪ ಕಣ್ಣುಮುಚ್ಚಿ ಶಿವನ ಮೇಲೆ ಒಂದು ನುಡಿ ಹಾಡಿದ. ಮುಗಿದ ಮೇಲೆ, ಬಿಸಿ ಪಾತ್ರೆ ಇಳಿಸುವವನಂತೆ ಜೋಪಾನವಾಗಿ ಬಾಯಿ ಮುಚ್ಚಿ, ಅವಳ ಹಾಡನ್ನು ಅವಳಿಗೆ ಒಪ್ಪಿಸಿದ.