ಕಿವಿ ಮುಚ್ಚುವ ಹೆಡ್‌ಫೋನ್

“ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ ಕೊಡಿ. ಊರು ಮುಟ್ಟೋವರೆಗೂ ಹಾಕ್ಕೊಂಡಿದ್ರೂ ಅಪ್ಪನಿಗೆ ನೋವಾಗಬಾರದು,” ಎಂದಳು ಮಗಳು.

ಅಂಗಡಿಯವನು ಒಂದನ್ನು ಅವಳಪ್ಪನ ಕಿವಿಗೆ ತೊಡಿಸಿ ಹಾಡು ಹಾಕಿದ. ಅಪ್ಪ ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳಲ್ಲೇ ತಾಳ ಹಾಕತೊಡಗಿದರು.

“ಇನ್ನು ಪಕ್ಕದಲ್ಲಿ ಸಿಡಿಲು ಹೊಡೆದ್ರೂ ಕೇಳಿಸಲ್ಲ, ಮೇಡಂ. ಅಷ್ಟು ಹೊತ್ತು ಹಾಡು ಕೇಳ್ತಾರಾ?”

“ನಾವೇ ಹಾಡು ಹಾಕಿ ಕೇಳಿಸಬೇಕು. ನಮ್ಮ ಚಿಕ್ಕಪ್ಪ ಬೆಳಿಗ್ಗೆ ತೀರಿಕೊಂಡ್ರು. ಅವರಿಗೆ ಸ್ವಲ್ಪ ಜ್ವರ, ನೋಡ್ಕೊಂಡು ಬರೋಣ ಅಂತ ಅಪ್ಪನನ್ನ ಹೊರಡಿಸಿದ್ದೀವಿ. ಕಾರಲ್ಲಿ ಎಲ್ಲರಿಗೂ ಫೋನ್ ಬರ್ತಾನೇ ಇದೆ.”

ತಾಳ ನಡೆದೇ ಇತ್ತು. ಹಾಡು ಮುಗಿದ ಮೇಲೆ ಅಪ್ಪ ಹೆಡ್‌ಫೋನ್ ತೆಗೆದು ಅಂಗಡಿಯವನ ಕೈಗಿಟ್ಟರು.

“ಮೆತ್ತಗಿದೆ. ಹಾಡೂ ಚೆನ್ನಾಗಿ ಬರುತ್ತೆ. ಆದ್ರೆ ಎಲ್ಲಾ ಕೇಳಿಸುತ್ತಪ್ಪ. ಬೇರೆ ಕೊಡು.”