ಹತ್ತನೆಯ ಅಡ್ಮಿಷನ್

ಬೇಸಿಗೆ ರಜೆ ಮುಗಿಯುವುದರೊಳಗೆ ಹತ್ತು ಮಕ್ಕಳನ್ನು ಸೇರಿಸದಿದ್ದರೆ ಕೆಲಸವಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಮನೆಮನೆ ಅಲೆದು ರಸಾಯನಶಾಸ್ತ್ರದ ಮೇಷ್ಟ್ರು ಒಂಬತ್ತು ಮಂದಿಯನ್ನು ಒಪ್ಪಿಸಿದ್ದರು. ಈ ಮನೆಯಲ್ಲಿ ಹುಡುಗಿ ತಾನಾಗಿಯೇ ಅಂಕಪಟ್ಟಿ ತಂದು ತೋರಿಸಿದಳು. ವಿಜ್ಞಾನದಲ್ಲಿ ತೊಂಬತ್ತೆಂಟು.

“ಊರಲ್ಲಿ ಸೈನ್ಸ್ ಇರೋದು ಎರಡೇ ಕಾಲೇಜಲ್ಲಿ. ಬೇರೆ ಊರಿಗೆ ಅಪ್ಪ ಕಳಿಸಲ್ಲ. ಯಾವುದಕ್ಕೆ ಸೇರ್ಲಿ ಸಾರ್? ನಿಜ ಹೇಳಿ.”

ಮೇಷ್ಟ್ರು ಅರ್ಜಿಯನ್ನು ಮಡಚಿ ಚೀಲದೊಳಗಿಟ್ಟರು.

“ನಮ್ಮಲ್ಲಿ ಬೇಡಮ್ಮ. ಲ್ಯಾಬ್ ಅಂತ ಬೋರ್ಡಿದೆ, ಒಳಗೆ ಮುರಿದ ಬೆಂಚುಗಳಿವೆ. ಸ್ಟೇಷನ್ ಹತ್ತಿರದ ಕಾಲೇಜಿಗೆ ಸೇರು.”

ಹುಡುಗಿ ತಾಯಿಯ ಮುಖ ನೋಡಿದಳು.

“ಅಲ್ಲಿನ ಮೇಷ್ಟ್ರು ಬೆಳಿಗ್ಗೆ ಬಂದಿದ್ರು ಸಾರ್,” ಎಂದರು ತಾಯಿ. “ಅವರಲ್ಲಿ ಲ್ಯಾಬೇ ಇಲ್ವಂತೆ, ನಿಮ್ಮ ಕಾಲೇಜಿಗೇ ಸೇರಿಸಿ ಅಂತ ಹೇಳಿ ಹೋದ್ರು.”